ಹಳಿಯಾಳದ ರಸ್ತೆಯಿಂದ ಆಂಟ್‌ವರ್ಪ್‌ವರೆಗೆ: ಹವ್ಯಾಸಿ ಓಟಗಾರರ ಚರಿತ್ರೆ



ಹಳಿಯಾಳದಿಂದ ದಾಂಡೇಲಿಗೆ ನೀವೆಲ್ಲರೂ ಒಂದಲ್ಲ ಒಂದು ಸಲ ಬಸ್ಸಿನಲ್ಲಿ ಹೋದವರೇ. ಕಿಟಕಿ ಪಕ್ಕ ಜಾಗ ಸಿಕ್ಕರೆ ಒಂದು ಸಣ್ಣ ನಿದ್ದೆ ಮುಗಿಯುವುದರೊಳಗೆ ದಾಂಡೇಲಿ ಬಂದುಬಿಡುತ್ತದೆ. ರಸ್ತೆ ಇಪ್ಪತ್ತು ಇಪ್ಪತ್ತೊಂದು ಕಿಲೋಮೀಟರಿನಷ್ಟು. ಈಗ ಆ ರಸ್ತೆಯಲ್ಲಿ ನೀವು ಕಾಲ್ನಡಿಗೆಯಲ್ಲಲ್ಲ, ಓಡುತ್ತಾ ಹೋಗಿ, ದಾಂಡೇಲಿಯಲ್ಲಿ ಕುಳಿತುಕೊಳ್ಳದೆ ಹಾಗೆಯೇ ತಿರುಗಿ ಹಳಿಯಾಳಕ್ಕೆ ಓಡಿ ಬಂದಿರಿ ಎಂದು ಭಾವಿಸಿಕೊಳ್ಳಿ. ಹೆಚ್ಚುಕಡಿಮೆ ಅದೇ ಒಂದು ಮ್ಯಾರಥಾನ್. ಲೆಕ್ಕ ಹಿಡಿದು ಹೇಳುವುದಾದರೆ 42 ಕಿಲೋಮೀಟರು 195 ಮೀಟರು.

ಇಷ್ಟು ದೂರವನ್ನು ಯಾರೂ ಬೆನ್ನಟ್ಟದೆ, ಯಾರೂ ಸಂಬಳ ಕೊಡದೆ, ಸ್ವಂತ ಖರ್ಚಿನಲ್ಲಿ ಊರೂರು ಸುತ್ತಿ ಓಡುವ ಜನ ಇದ್ದಾರೆ. ಕೆಲವರು ವರ್ಷಕ್ಕೆ ಮೂರು ನಾಲ್ಕು ಊರುಗಳಿಗೆ ಹೋಗಿ ಓಡುತ್ತಾರೆ. ಕನ್ನಡದಲ್ಲಿ ಇಂಥವರನ್ನು ಹವ್ಯಾಸಿ ಎನ್ನುತ್ತೇವೆ. ಉರ್ದುವಿನಲ್ಲಿ 'ಶೌಕಿಯಾ', ಹಣಕ್ಕಾಗಿ ಆಡುವವನು 'ಪೇಶಾವರ'. ನಾನು ಎರಡೂ ಭಾಷೆ ಕಲಿಸುವವನಾದ್ದರಿಂದ ಈ ಮಾತುಗಳ ಮೇಲೆ ಸ್ವಲ್ಪ ಮೋಹ. ಇಂಗ್ಲಿಷಿನ 'ಅಮೆಚೂರ್' ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿ 'ಪ್ರೀತಿಸು' ಎಂಬ ಧಾತು. ಹಾಗೆ ನೋಡಿದರೆ ನಮ್ಮ 'ಶೌಕ್' ಎಂಬ ಮಾತೇ ಅದಕ್ಕೆ ಹತ್ತಿರ. ಆದರೆ ಈ ಶೌಕಿನ ಚರಿತ್ರೆ ಅಷ್ಟು ಮೃದುವಾದದ್ದಲ್ಲ. ಯಾರಿಗೆ ಶೌಕು ಮಾಡಲು ಅವಕಾಶವಿತ್ತು, ಯಾರಿಗೆ ಇರಲಿಲ್ಲ ಎಂಬುದೇ ಅದರ ಒಳಗಿನ ಕಥೆ.

ಮೊದಲು ಹಣಕ್ಕಾಗಿ ಓಡಿದವರಿಂದಲೇ ಆರಂಭಿಸೋಣ. ಹದಿನಾಲ್ಕನೆಯ ಶತಮಾನದಲ್ಲಿ ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತಾ ನಮ್ಮ ದೇಶಕ್ಕೆ ಬಂದ. ಅವನು ನಮ್ಮ ಜಿಲ್ಲೆಯ ಹೊನ್ನಾವರಕ್ಕೂ ಬಂದಿದ್ದನೆಂದು ನಮ್ಮಲ್ಲಿ ಹಲವರಿಗೆ ಗೊತ್ತು. ಅಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು, ಗಂಡುಮಕ್ಕಳಿಗೆ ಇಪ್ಪತ್ತಮೂರು ಪಾಠಶಾಲೆಗಳನ್ನು ಕಂಡೆನೆಂದು ಬರೆದದ್ದನ್ನು ನಮ್ಮ ಸಭೆಗಳಲ್ಲಿ ಅನೇಕರು ಉದ್ಧರಿಸುತ್ತಾರೆ. ಆದರೆ ಅದೇ ಪುಸ್ತಕದಲ್ಲಿ ಓಟಗಾರರ ಬಗ್ಗೆ ಬರೆದದ್ದನ್ನು ಯಾರೂ ಎತ್ತುವುದಿಲ್ಲ. ಸುಲ್ತಾನನ ಟಪಾಲು ಎರಡು ರೀತಿಯದ್ದಂತೆ: ಒಂದು ಕುದುರೆಯ ಮೇಲೆ, ಇನ್ನೊಂದು ಕಾಲಿನ ಮೇಲೆ. ಕಾಲಿನ ಟಪಾಲಿಗೆ ಒಂದು ಮೈಲಿಗೆ ಮೂರು ಠಾಣೆ. ಓಟಗಾರನ ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ತುದಿಗೆ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆಯ ಸದ್ದು ಕೇಳಿದೊಡನೆ ಮುಂದಿನ ಠಾಣೆಯವನು ಎದ್ದು ಸಿದ್ಧನಾಗುತ್ತಿದ್ದ. ಈ ಕಾಲಿನ ಟಪಾಲು ಕುದುರೆಗಿಂತಲೂ ಬೇಗ ಎಂದು ಬತೂತಾ ಹೇಳುತ್ತಾನೆ. ಸುಲ್ತಾನ ದೌಲತಾಬಾದಿನಲ್ಲಿದ್ದಾಗ ಕುಡಿಯುವುದಕ್ಕೆ ಗಂಗಾನದಿಯ ನೀರು ಕೂಡ ಹೀಗೆಯೇ ಹೋಗುತ್ತಿತ್ತಂತೆ. ದಾರಿ ನಲವತ್ತು ದಿನದ್ದು.

ಅವರೇ ಮುಂದಿನ ಹರಕಾರರು. ಮೈಸೂರಿನಲ್ಲಿ ಹದಿನೇಳನೆಯ ಶತಮಾನದ ಚಿಕ್ಕದೇವರಾಜ ಒಡೆಯರ ಕಾಲದ ಅಂಚೆಯವರೂ ಇದೇ ಕೆಲಸದವರು. ಬ್ರಿಟಿಷರ ಕಾಲದಲ್ಲಿಯೂ ಕಾಡುದಾರಿಗಳಲ್ಲಿ ಗೆಜ್ಜೆ ಕೋಲಿನ ಟಪಾಲಿನವನೇ ಓಡುತ್ತಿದ್ದ. ಗೆಜ್ಜೆ ಕಾಡುಪ್ರಾಣಿಗಳನ್ನು ದೂರ ಇಡಲಿಕ್ಕೂ ಬೇಕಾಗಿತ್ತು. ಅವರಾರಿಗೂ ಪದಕವಿಲ್ಲ, ಹೆಸರೂ ಉಳಿದಿಲ್ಲ. ಓಡುವುದು ಬಡವನ ಕೆಲಸ, ಅಷ್ಟೆ.

ಓಟವನ್ನು ಆಟವನ್ನಾಗಿ, ಅದರಲ್ಲಿಯೂ ದೊಡ್ಡವರ ಆಟವನ್ನಾಗಿ ಮಾಡಿದ್ದು ಹತ್ತೊಂಬತ್ತನೆಯ ಶತಮಾನದ ಯುರೋಪು. 1896ರಲ್ಲಿ ಅಥೆನ್ಸಿನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದಾಗ ಮ್ಯಾರಥಾನ್ ಎಂಬ ಊರಿನಿಂದ ಅಥೆನ್ಸಿಗೆ ಸುಮಾರು 40 ಕಿಲೋಮೀಟರು ಓಡಿಸಿದರು. ಗೆದ್ದವನು ಸ್ಪಿರಿಡಾನ್ ಲೂಯಿಸ್, ನೀರು ಹೊರುವ ಕೆಲಸದವನು. 1908ರಲ್ಲಿ ಲಂಡನ್ನಿನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದವರೆಗೆ ದಾರಿ ಹಾಕಿದ್ದರಿಂದ ದೂರ 42.195 ಕಿಲೋಮೀಟರು ಆಯಿತು. 1921ರಲ್ಲಿ ಅದನ್ನೇ ಕಾಯಂ ಮಾಡಿದರು. ಪರೀಕ್ಷೆಗೆ ಇಷ್ಟು ಸಾಕು, ಮಕ್ಕಳೇ. ಈಗ ನಮ್ಮ ಕಡೆಗೆ ಬರೋಣ.

1920ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಹಳಿಯಾಳ, ಮುಂಡಗೋಡ, ಇಂದು ಜೋಯಿಡಾ ಎಂದು ಕರೆಯುವ ಅಂದಿನ ಸೂಪಾ, ಎಲ್ಲವೂ. ಬೆಳಗಾವಿಯೂ ಅದೇ ಪ್ರಾಂತ್ಯ, ಪುಣೆಯೂ ಅದೇ. ಪುಣೆಯಲ್ಲಿ ಡೆಕ್ಕನ್ ಜಿಮ್ಖಾನಾ ಎಂಬ ಸಂಸ್ಥೆ, ಅದರ ಅಧ್ಯಕ್ಷರು ಸರ್ ದೊರಾಬ್ಜಿ ಟಾಟಾ. 1919ರಲ್ಲಿ ಅಲ್ಲಿ ನಡೆದ ಕ್ರೀಡಾಕೂಟದಲ್ಲಿ ಹಳ್ಳಿಯ ರೈತಮಕ್ಕಳು ಬರಿಗಾಲಲ್ಲಿ ದೂರದ ಓಟ ಓಡಿದರು. ಅವರ ಸಮಯ ಯುರೋಪಿನ ಓಟಗಾರರ ಸಮಯಕ್ಕೆ ಅಷ್ಟೇನೂ ಹಿಂದಿಲ್ಲವೆಂದು ಟಾಟಾರವರು ಗಮನಿಸಿದರು. ಇವರನ್ನು ಒಲಿಂಪಿಕ್ಸಿಗೆ ಏಕೆ ಕಳಿಸಬಾರದು ಎಂಬ ಯೋಚನೆ ಅಲ್ಲಿ ಹುಟ್ಟಿತು. ಭಾರತದ ತಂಡವೆಂದು ಒಲಿಂಪಿಕ್ಸಿಗೆ ಹೋದದ್ದು ಅದೇ ಮೊದಲು.

ಆ ಸಭೆಗಳ ಒಂದು ಪ್ರಸಂಗವನ್ನು ಕ್ರೀಡಾ ಚರಿತ್ರೆ ಬರೆಯುವವರು ಹೇಳುತ್ತಾರೆ. ನೂರು ಮೀಟರಿಗೆ ಎಷ್ಟು ಸಮಯ ಬೇಕು ಎಂದು ಕೇಳಿದಾಗ ಜಿಮ್ಖಾನಾದ ಒಬ್ಬ ಸದಸ್ಯರು ಒಂದೆರಡು ನಿಮಿಷ ಬೇಕಾದೀತು ಎಂದರಂತೆ. ಸೆಕೆಂಡಿನ ಭಾಗಗಳಲ್ಲಿ ಲೆಕ್ಕ ಹಾಕುತ್ತಾರೆಂದು ಅವರಿಗೆ ತಿಳಿಯದು. ನಗಬೇಡಿ. ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಕೈಗಡಿಯಾರ ನೋಡಿ ಸಮಯ ಬರೆದ ನಾನು ಆ ಸದಸ್ಯರನ್ನು ನೋಡಿ ನಗಲಾರೆ.

ಆಯ್ಕೆಯಾದವರು ಆರು ಜನ, ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ಅವರಲ್ಲಿ ಒಬ್ಬರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಹುಟ್ಟಿದ್ದು 1902ರಲ್ಲಿ. ಅಂದರೆ ಹೊರಡುವಾಗ ಹದಿನೆಂಟು ವರ್ಷದ ಆಸುಪಾಸು, ನಮ್ಮ ಪಿಯುಸಿ ಹುಡುಗರ ವಯಸ್ಸು. ಹಣದ ತೊಂದರೆ ಇತ್ತು. ತಂಡದ ಕೆಲವರ ಖರ್ಚನ್ನು ಟಾಟಾರವರು ತಾವೇ ವಹಿಸಿಕೊಂಡರು. ಜೂನ್ ತಿಂಗಳಲ್ಲಿ ಮುಂಬಯಿಯಿಂದ ಹಡಗು ಹತ್ತಿದರು. ಲಂಡನ್ನಿನಲ್ಲಿ ಕೆಲವು ವಾರ ತಾಲೀಮು, ಅಲ್ಲಿಂದ ಬೆಲ್ಜಿಯಂ ದೇಶದ ಆಂಟ್‌ವರ್ಪ್. ಮೊದಲನೆಯ ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಅದೇ ಬೆಲ್ಜಿಯಂನ ನೆಲದಲ್ಲಿ 1914ರಲ್ಲಿ ನಮ್ಮ ದೇಶದ ಸಿಪಾಯಿಗಳು ಕಂದಕಗಳಲ್ಲಿ ನಿಂತು ಸತ್ತಿದ್ದರು. ಇವರು ಓಡಲು ಹೋದವರು.

1920ರ ಆಗಸ್ಟ್ 22. ತಣ್ಣನೆಯ ಹವೆ. ದೂರ ಇನ್ನೂ ಕಾಯಂ ಆಗಿರಲಿಲ್ಲ ಎಂದೆನಲ್ಲ, ಆಂಟ್‌ವರ್ಪಿನವರು ಹಾಕಿದ ದಾರಿ 42.75 ಕಿಲೋಮೀಟರು. ಒಲಿಂಪಿಕ್ಸಿನಲ್ಲಿ ಅದಕ್ಕಿಂತ ಉದ್ದದ ಮ್ಯಾರಥಾನ್ ನಡೆದಿಲ್ಲ. ಗೆದ್ದವರು ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್, 2 ಗಂಟೆ 32 ನಿಮಿಷ 35 ಸೆಕೆಂಡು. ಆತ ಇಟ್ಟಿಗೆ ಕಟ್ಟುವ ಗೌಂಡಿ ಕೆಲಸ ಮಾಡಿದ್ದವರು. ಎರಡನೆಯವರು ಎಸ್ಟೋನಿಯಾದ ಯೂರಿ ಲಾಸ್‌ಮನ್, ಹದಿಮೂರು ಸೆಕೆಂಡಿನಷ್ಟೇ ಹಿಂದೆ. ಮೂರನೆಯ ಇಟಲಿಯವರು ಗುರಿ ಮುಟ್ಟಿದ ಖುಷಿಗೆ ಅಲ್ಲಿಯೇ ಲಾಗ ಹಾಕಿದರಂತೆ. ನಮ್ಮ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಟ್ಟಿದರು. ಹತ್ತೊಂಬತ್ತನೆಯ ಸ್ಥಾನ. ಜೊತೆಗೆ ಹೋಗಿದ್ದ ಸದಾಶಿವ ದಾತಾರ್ ಓಟ ಮುಗಿಸಲಿಲ್ಲ.

ಹತ್ತೊಂಬತ್ತನೆಯ ಸ್ಥಾನವೆಂದರೆ ನಮಗೆ ಏನೂ ಅನ್ನಿಸುವುದಿಲ್ಲ. ನಾವು ಮೊದಲ ಮೂರನ್ನು ಮಾತ್ರ ಬರೆದುಕೊಳ್ಳುವ ಜನ. ಆದ್ದರಿಂದ ಒಂಬತ್ತನೆಯ ತರಗತಿಯಲ್ಲಿ ನಾನು ಇದನ್ನು ಗಣಿತದ ಲೆಕ್ಕವನ್ನಾಗಿ ಕೊಟ್ಟೆ. ನೀವೂ ಮಾಡಿ ನೋಡಿ. ಒಂದು ಕಿಲೋಮೀಟರಿಗೆ ನಾಲ್ಕು ನಿಮಿಷ ಬರುತ್ತದೆ, ಗಂಟೆಗೆ 15 ಕಿಲೋಮೀಟರು. ಅದೂ ಸುಮಾರು ಮೂರು ಗಂಟೆ ಒಂದೇ ಸಮನೆ. ಇಂದಿನ ದೂರಕ್ಕೆ ಇಳಿಸಿದರೆ 2 ಗಂಟೆ 48 ನಿಮಿಷದ ಮೇಲೆ ಸ್ವಲ್ಪ. ಇಂದು ಒಳ್ಳೆಯ ಬೂಟು, ಕೈಗೆ ಯಂತ್ರ, ದಾರಿಯುದ್ದಕ್ಕೂ ನೀರು ಎಲ್ಲ ಇದ್ದೂ ಬಹುಪಾಲು ಹವ್ಯಾಸಿ ಓಟಗಾರರಿಗೆ ನಾಲ್ಕು ಗಂಟೆಯ ಮೇಲೆ ಹಿಡಿಯುತ್ತದೆ. ಹಳಿಯಾಳದಿಂದ ಎರಡು ಗಂಟೆಯ ಬಸ್ ಹಾದಿಯಲ್ಲಿರುವ ಊರಿನ ಹುಡುಗ ನೂರು ವರ್ಷದ ಹಿಂದೆ ಇದನ್ನು ಮಾಡಿದ. ಅವರು 1952ರಲ್ಲಿ ತೀರಿಕೊಂಡರು. ಬೆಳಗಾವಿಯ ಕ್ರೀಡಾಪ್ರೇಮಿಗಳನ್ನು ಬಿಟ್ಟರೆ ಈ ಹೆಸರು ಕೇಳಿದವರು ನಮ್ಮ ತಾಲ್ಲೂಕುಗಳಲ್ಲಿ ನನಗೆ ಸಿಗಲಿಲ್ಲ. ಬಿ.ಎಡ್. ಮಾಡುವಾಗ ನಾನೂ ಕೇಳಿರಲಿಲ್ಲ.

ಈಗ ಹವ್ಯಾಸಿ ಎಂಬ ಮಾತಿನ ಕಹಿ ಬದಿಯನ್ನು ನೋಡಬೇಕು. ಆ ಕಾಲದ ಒಲಿಂಪಿಕ್ಸಿನಲ್ಲಿ ಹವ್ಯಾಸಿ ಎಂದರೆ ಓಟದಿಂದ ಒಂದು ಕಾಸೂ ಮುಟ್ಟದವನು. ಮನೆಯಲ್ಲಿ ಆಸ್ತಿ ಇದ್ದವನಿಗೆ ಈ ನಿಯಮ ಭೂಷಣ, ಇಲ್ಲದವನಿಗೆ ಬೇಡಿ. ಅಲ್ಜೀರಿಯಾದ ಬೂಗೆರಾ ಎಲ್ ವಾಫಿ ಎಂಬವರ ಕಥೆ ಕೇಳಿ. ಬಿಸ್ಕ್ರಾ ಊರಿನ ಕಡೆಯ ಬಡ ಮುಸ್ಲಿಮ್ ಕುಟುಂಬದ ಹುಡುಗ. ಆಗ ಅಲ್ಜೀರಿಯಾ ಫ್ರಾನ್ಸಿನ ಆಳ್ವಿಕೆಯಲ್ಲಿತ್ತು. ಸೈನ್ಯಕ್ಕೆ ಸೇರಿ, ಮುಂದೆ ಪ್ಯಾರಿಸ್ಸಿನ ಬಳಿ ರೆನೊ ಮೋಟಾರು ಕಾರ್ಖಾನೆಯಲ್ಲಿ ಕೂಲಿಯಾದರು. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವವರನ್ನು ನೋಡಿದಾಗಲೆಲ್ಲ ನನಗೆ ಇವರ ನೆನಪು. ಪಾಳಿ ಮುಗಿಸಿ ಓಟದ ಅಭ್ಯಾಸ. 1928ರಲ್ಲಿ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನ ಮ್ಯಾರಥಾನನ್ನು 2 ಗಂಟೆ 32 ನಿಮಿಷ 57 ಸೆಕೆಂಡಿನಲ್ಲಿ ಗೆದ್ದರು. ಚಿನ್ನದ ಪದಕ ಫ್ರಾನ್ಸಿನ ಲೆಕ್ಕಕ್ಕೆ ಸೇರಿತು.

ಆಮೇಲೆ ಅಮೆರಿಕದವರು ಕರೆದರು. ಹೋದರು, ಪ್ರದರ್ಶನದ ಓಟಗಳನ್ನು ಓಡಿದರು, ಹಣ ತೆಗೆದುಕೊಂಡರು. ಹಿಂತಿರುಗಿ ಬಂದಾಗ ನೀನು ಹವ್ಯಾಸಿಯಲ್ಲ ಎಂದು ಹೇಳಿ ಸ್ಪರ್ಧೆಗಳಿಂದ ಹೊರಗೆ ಹಾಕಿದರು. ಆ ಹಣದಲ್ಲಿ ಪಾಲುದಾರರೊಡನೆ ಒಂದು ಕಾಫಿ ಅಂಗಡಿ ಕೊಂಡರು, ಅದೂ ಕೈಬಿಟ್ಟಿತು. ಮರೆತೇ ಹೋದರು. 1956ರಲ್ಲಿ ಮೆಲ್ಬರ್ನ್ ಮ್ಯಾರಥಾನನ್ನು ಗೆದ್ದ ಇನ್ನೊಬ್ಬ ಅಲ್ಜೀರಿಯಾ ಮೂಲದ ಓಟಗಾರ ಅಲೆನ್ ಮಿಮೂನ್ ಈ ಹಿರಿಯರನ್ನು ನೆನೆದು ಹುಡುಕಿಸಿದಾಗ ಮಾತ್ರ ಪತ್ರಿಕೆಗಳಿಗೆ ನೆನಪಾಯಿತು. 1959ರಲ್ಲಿ ಗುಂಡೇಟಿಗೆ ಸತ್ತರು.

ಆ ನಿಯಮ ಈಗ ಇಲ್ಲ. ಇಂದು ಹವ್ಯಾಸಿ ಎಂದರೆ ಹಣ ಮುಟ್ಟದವನಲ್ಲ, ತನ್ನ ಹಣ ತಾನೇ ಕಟ್ಟುವವನು! 2004ರಲ್ಲಿ ಮುಂಬಯಿಯಲ್ಲಿ ದೊಡ್ಡ ಮ್ಯಾರಥಾನ್ ಆರಂಭವಾಯಿತು, 2008ರಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರಿನ ಓಟ. ಶ್ರೀರಂಗಪಟ್ಟಣದ ಬಳಿ ಕಾವೇರಿ ಸೀಮೆಯ ಕಾಲುವೆ ಏರಿಯ ಮೇಲೂ ಒಂದು ಓಟ ನಡೆಯುತ್ತದೆ. ಬ್ಯಾಂಕಿನವರು, ವೈದ್ಯರು, ಗಣಕಯಂತ್ರದ ಕೆಲಸದವರು ರೈಲು ಹತ್ತಿ ಹೋಗಿ ಓಡಿ ಬರುತ್ತಾರೆ. ಅನುಕೂಲಸ್ಥರು ಬರ್ಲಿನ್, ನ್ಯೂಯಾರ್ಕ್, ಟೋಕಿಯೊ ಎಂದು ಹೊರಡುತ್ತಾರೆ. 1897ರಿಂದ ನಡೆಯುತ್ತಿರುವ ಬಾಸ್ಟನ್ ಮ್ಯಾರಥಾನಿಗೆ ಸಾಮಾನ್ಯವಾಗಿ ಬೇರೆ ಕಡೆ ನಿಗದಿತ ಸಮಯದಲ್ಲಿ ಓಡಿ ತೋರಿಸಿದವರಿಗಷ್ಟೇ ಪ್ರವೇಶ. ಒಂದು ರೀತಿಯಲ್ಲಿ ಎಸ್.ಎಸ್.ಎಲ್.ಸಿ. ಪಾಸಾದರೆ ಪಿಯುಸಿ ಎಂಬ ಹಾಗೆ.

ಇವರಲ್ಲಿ ನನಗೆ ಹೆಚ್ಚು ಪ್ರೀತಿ ಫೌಜಾ ಸಿಂಗ್ ಅವರ ಮೇಲೆ. ಪಂಜಾಬಿನ ರೈತ, ಮುಪ್ಪಿನಲ್ಲಿ ಮಗನ ಮನೆಗೆಂದು ಇಂಗ್ಲೆಂಡಿಗೆ ಹೋದವರು. 2000ದಲ್ಲಿ ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದಾಗ ವಯಸ್ಸು 89. 2011ರಲ್ಲಿ ಟೊರೊಂಟೊದಲ್ಲಿ ನೂರರ ವಯಸ್ಸಿನಲ್ಲಿ ಎಂಟು ಗಂಟೆಯ ಮೇಲೆ ತೆಗೆದುಕೊಂಡು ಓಟ ಮುಗಿಸಿದರು. ಆದರೆ ಗಿನ್ನೆಸ್ ದಾಖಲೆಯವರು ಒಪ್ಪಲಿಲ್ಲ, ಹುಟ್ಟಿದ ಸರ್ಟಿಫಿಕೇಟ್ ಇಲ್ಲವೆಂದು. ಅವರು ಹುಟ್ಟಿದ ಕಾಲದಲ್ಲಿ ಹಳ್ಳಿಯಲ್ಲಿ ಅದನ್ನು ಕೊಡುವವರು ಯಾರು? ನಮ್ಮ ಶಾಲೆಗಳ ದಾಖಲಾತಿ ರಿಜಿಸ್ಟರ್ ತೆಗೆದು ನೋಡಿ, ಅರ್ಧ ಊರು ಜೂನ್ 1ರಂದು ಹುಟ್ಟಿದೆ. 2025ರ ಜುಲೈನಲ್ಲಿ ತಮ್ಮ ಹಳ್ಳಿಯ ಬಳಿ ರಸ್ತೆ ದಾಟುವಾಗ ವಾಹನ ಬಡಿದು ಅವರು ತೀರಿಕೊಂಡರು, 114ರ ವಯಸ್ಸಿನಲ್ಲಿ.

ಹೆಣ್ಣುಮಕ್ಕಳ ಮಾತು ಬಂದಾಗ ನಾವು ಬೇಗ ವಿಷಯ ಬದಲಾಯಿಸುತ್ತೇವೆ. ಒಲಿಂಪಿಕ್ಸಿನವರೂ ಹಾಗೆಯೇ ಮಾಡಿದರು. ಹೆಂಗಸರಿಗೆ ಮ್ಯಾರಥಾನ್ ಸೇರಿಸಲು 1984 ಆಗಬೇಕಾಯಿತು. ಭಾರತದ ಆಶಾ ಅಗರ್‌ವಾಲ್ 1985ರಲ್ಲಿ ಹಾಂಗ್‌ಕಾಂಗ್ ಮ್ಯಾರಥಾನ್ ಗೆದ್ದು ಬಂದರು. ಇಥಿಯೋಪಿಯಾದಲ್ಲಿ ಹುಟ್ಟಿ ಹದಿಹರೆಯದಲ್ಲಿ ನಿರಾಶ್ರಿತಳಾಗಿ ನೆದರ್ಲೆಂಡಿಗೆ ಹೋದ ಸಿಫಾನ್ ಹಸನ್ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಮ್ಯಾರಥಾನನ್ನು 2 ಗಂಟೆ 22 ನಿಮಿಷ 55 ಸೆಕೆಂಡಿನಲ್ಲಿ ಗೆದ್ದು, ಹಿಜಾಬು ಧರಿಸಿ ಪದಕ ಪಡೆದರು. ನಮ್ಮ ಹುಡುಗಿಯರು ಆ ಚಿತ್ರವನ್ನು ನನಗೆ ತೋರಿಸಿದರೇ ಹೊರತು ನಾನು ಅವರಿಗೆ ತೋರಿಸಿದ್ದಲ್ಲ.

ಇನ್ನು ನಮ್ಮ ಕಾಡಿನ ಮಕ್ಕಳು. ಹಳಿಯಾಳ, ಮುಂಡಗೋಡ, ಜೋಯಿಡಾ, ಯಲ್ಲಾಪುರ ಭಾಗದ ಸಿದ್ದಿ ಸಮುದಾಯದವರು ನಮಗೆ ನೆರೆಹೊರೆ, ಅವರಲ್ಲಿ ಮುಸಲ್ಮಾನರೂ ಇದ್ದಾರೆ, ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಅವರ ಪೂರ್ವಜರು ಆಫ್ರಿಕಾದವರು. ಅನೇಕರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದರು, ಅಲ್ಲಿಂದ ತಪ್ಪಿಸಿಕೊಂಡವರು ನಮ್ಮ ಕಾಡು ಸೇರಿದರು. 1980ರ ದಶಕದಲ್ಲಿ ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದಾಗ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ವಸತಿನಿಲಯಗಳಿಗೆ ಕರೆದೊಯ್ದರು. ಅದು 1987. ಹಳ್ಳಿಯಿಂದ ಆಚೆ ಹೋಗದ ಮಕ್ಕಳು ದೊಡ್ಡ ನಗರಗಳ ಮೈದಾನಗಳಲ್ಲಿ ಓಡಿದರು. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಮೊದಲಾದವರು ರಾಷ್ಟ್ರಮಟ್ಟಕ್ಕೆ ಹೋದರು. ಆದರೆ 1993ರಲ್ಲಿ ಸಿದ್ದಿಗಳ ಆ ಯೋಜನೆ ನಿಂತಿತು. ಆರೇ ವರ್ಷ. ಹತ್ತು ವರ್ಷದ ಮಗುವನ್ನು ಕರೆದೊಯ್ದಿದ್ದರೆ ಅದಕ್ಕೆ ಹದಿನಾರಾಗಿರುತ್ತದೆ, ಓಟ ಈಗಷ್ಟೇ ಕೈಗೆ ಬರುವ ವಯಸ್ಸು.

ಆ ಯೋಜನೆ ಒಳ್ಳೆಯದೇ, ಅದನ್ನು ನಿಲ್ಲಿಸಿದ್ದೇ ತಪ್ಪು ಎಂದು ನನ್ನ ಅಭಿಪ್ರಾಯ. ಆದರೆ ಅದರ ಹಿಂದಿದ್ದ ವಿಚಾರ ಮಾತ್ರ ನನಗೆ ಒಪ್ಪಿಗೆಯಿಲ್ಲ. ಆಫ್ರಿಕಾದ ರಕ್ತವಿದೆ, ಆದ್ದರಿಂದ ಪದಕ ಬರುತ್ತದೆ ಎಂಬ ಲೆಕ್ಕ ಅದು. ರಕ್ತವೇ ಓಡುವುದಾದರೆ ಆಫ್ರಿಕಾದ ಎಲ್ಲ ದೇಶಗಳೂ ಮ್ಯಾರಥಾನ್ ಗೆಲ್ಲಬೇಕಿತ್ತಲ್ಲ? ಗೆಲ್ಲುವವರು ಬಹುತೇಕ ಕೆನ್ಯಾ, ಇಥಿಯೋಪಿಯಾದ ಎತ್ತರದ ಸೀಮೆಗಳವರು. ಕೆನ್ಯಾದ ಇಟೆನ್ ಎಂಬ ಊರು ಸಮುದ್ರಮಟ್ಟದಿಂದ ಸುಮಾರು 2400 ಮೀಟರು ಎತ್ತರದಲ್ಲಿದೆ. ನಮ್ಮ ಹಳಿಯಾಳ ಆರುನೂರು ಮೀಟರೂ ಇಲ್ಲ. ಎತ್ತರದಲ್ಲಿ ಗಾಳಿ ತೆಳು, ಅಲ್ಲಿ ಬೆಳೆದವರ ರಕ್ತ ಪ್ರಾಣವಾಯುವನ್ನು ಚೆನ್ನಾಗಿ ಹೊರುತ್ತದೆ. ಅದರ ಜೊತೆಗೆ ಆ ಊರಿನಲ್ಲಿ ಒಂದು ಶಾಲೆ ಇದೆ, ಸೇಂಟ್ ಪ್ಯಾಟ್ರಿಕ್ಸ್. 1976ರಲ್ಲಿ ಐರ್ಲೆಂಡಿನಿಂದ ಅಲ್ಲಿಗೆ ಭೂಗೋಳ ಪಾಠ ಹೇಳಲು ಬಂದ ಕೋಮ್ ಓ'ಕಾನೆಲ್ ಎಂಬ ಮಿಷನರಿ ಮೇಷ್ಟರಿಗೆ ಓಟದ ತರಬೇತಿಯ ಗಂಧವೂ ಇರಲಿಲ್ಲ. ಮಕ್ಕಳು ಓಡುವುದನ್ನು ನೋಡುತ್ತ ನೋಡುತ್ತ ಕಲಿತರು. ಅವರ ಕೈಯಲ್ಲಿ ಬೆಳೆದವರಲ್ಲಿ 1988ರ ಒಲಿಂಪಿಕ್ಸಿನ ಪೀಟರ್ ರೊನೊ ಇದ್ದಾರೆ, 2012 ಮತ್ತು 2016ರಲ್ಲಿ ಎಂಟುನೂರು ಮೀಟರು ಗೆದ್ದ ಡೇವಿಡ್ ರುಡಿಶಾ ಇದ್ದಾರೆ. ಭೂಗೋಳದ ಮೇಷ್ಟರು! ನನಗೆ ಈ ಸಂಗತಿ ತಿಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ತಾಲ್ಲೂಕು ಮಟ್ಟದಲ್ಲಿ ಮೂರು ಸಾವಿರ ಮೀಟರು ಬರಿಗಾಲಲ್ಲಿ ಓಡಿ ಮೊದಲಿಗನಾದ. ಜಿಲ್ಲಾಮಟ್ಟಕ್ಕೆ ಹೆಸರು, ಫೋಟೋ, ಜನ್ಮದಿನಾಂಕದ ದಾಖಲೆ ಕಳಿಸಬೇಕಿತ್ತು. ಕಾಗದಪತ್ರ ನೋಡಿಕೊಳ್ಳುವ ಕೆಲಸ ಆ ವರ್ಷ ನನ್ನದು. ಪರೀಕ್ಷೆಯ ಉತ್ತರಪತ್ರಿಕೆಗಳ ಗಡಿಬಿಡಿಯಲ್ಲಿ ನಾನು ಎರಡು ದಿನ ತಡಮಾಡಿದೆ. ಹೆಸರು ಸೇರಲಿಲ್ಲ. ಅವನು ಸಿಟ್ಟಾಗಲಿಲ್ಲ. "ಇರಲಿ ಬಿಡ್ರೀ ಸರ್, ಹೋಗಿ ಬರಾಕ ಖರ್ಚು ಆಗ್ತಿತ್ತು" ಎಂದು ನನಗೇ ಸಮಾಧಾನ ಹೇಳಿದ. ಮರುವರ್ಷ ಶಾಲೆ ಬಿಟ್ಟ. ಈಗ ಗೋವೆಯಲ್ಲಿ ಕೆಲಸದಲ್ಲಿದ್ದಾನೆ. ಅವನು ಏನಾಗುತ್ತಿದ್ದನೆಂದು ನಾನು ಹೇಳಲಾರೆ, ಹತ್ತೊಂಬತ್ತನೆಯವನೂ ಆಗುತ್ತಿರಲಿಲ್ಲವೇನೋ. ಆದರೆ ಆ ಎರಡು ದಿನ ನನ್ನವು.

ಆದ್ದರಿಂದ ಈಗ ಭಾನುವಾರ ಬೆಳಿಗ್ಗೆ ಫಜ್ರ್ ನಮಾಜಿನ ನಂತರ ಏಳೆಂಟು ಮಕ್ಕಳು ದಾಂಡೇಲಿ ರಸ್ತೆಯಲ್ಲಿ ಸೇರುತ್ತೇವೆ. ಸಿದ್ದಿ ಹುಡುಗರು ಇಬ್ಬರು, ಗೌಳಿಗರ ಹುಡುಗ ಒಬ್ಬ, ಉಳಿದವರು ನಮ್ಮ ಉರ್ದು ಶಾಲೆಯವರು. ಹುಡುಗಿಯರು ಶಾಲೆಯ ಮೈದಾನದಲ್ಲಿಯೇ ಸುತ್ತು ಹಾಕುತ್ತಾರೆ, ಜೊತೆಗೆ ಒಬ್ಬ ಶಿಕ್ಷಕಿ ಇರುತ್ತಾರೆ. ನಾನು ಓಡುವುದಿಲ್ಲ, ನೀರಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಹಿಂದೆ ಹೋಗುತ್ತೇನೆ. ಐದು ಕಿಲೋಮೀಟರಿನ ಕಲ್ಲು ಮುಟ್ಟಿ ತಿರುಗುವುದು, ಅದಕ್ಕಿಂತ ಹೆಚ್ಚು ಬೆಳೆಯುವ ಮಕ್ಕಳಿಗೆ ಬೇಡವೆಂದು ವೈದ್ಯರು ಹೇಳಿದ್ದಾರೆ. ದಾಖಲೆಗಳ ಕಾಗದವೆಲ್ಲ ಒಂದು ಫೈಲಿನಲ್ಲಿ ಜೂನ್ ತಿಂಗಳಲ್ಲಿಯೇ ಸಿದ್ಧ.

ಹೋದ ಭಾನುವಾರ ಆ ಕಲ್ಲಿನ ಬಳಿ ನೀರು ಕುಡಿಯುತ್ತಿರುವಾಗ ಚೌಗುಲೆಯವರ ಕಥೆ ಹೇಳಿದೆ. ಎಲ್ಲರೂ ಸುಮ್ಮನೆ ಕೇಳಿದರು. ಆರನೆಯ ತರಗತಿಯ ಒಬ್ಬ ಮಾತ್ರ ಬಾಯಿ ಒರೆಸಿಕೊಂಡು ಕೇಳಿದ:

"ಸರ್, ಬೆಲ್ಜಿಯಂಗೆ ಹೋಗಾಕ ಎಷ್ಟ ರೊಕ್ಕ ಬೇಕ್ರೀ?"

ಸಂಜೆ ನೋಡಿ ಹೇಳುತ್ತೇನೆಂದೆ. ನೋಡಿದೆ. ಬರೆದು ಇಟ್ಟುಕೊಂಡಿದ್ದೇನೆ.